ಗಡಿಯಾರದವನ ಮಗಳು ಗೋಪುರ ಹತ್ತಿದ್ದು

ದೆಲ್ಫೀನಕ್ಕ ಹುಟ್ಟಿದ್ದು ಗೋಪುರದಲ್ಲಿ. ಹೊರಗಿನವರಿಗೆ ಇದನ್ನು ಹೇಳಿದರೆ ಕಣ್ಣರಳಿಸುತ್ತಾರೆ, ಯಾವುದೋ ರಾಜಕುಮಾರಿಯ ಕತೆ ಎಂದುಕೊಳ್ಳುತ್ತಾರೆ. ನಮ್ಮೂರಿನಲ್ಲಿ ಯಾರೂ ಕಣ್ಣರಳಿಸುವುದಿಲ್ಲ. ಗಡಿಯಾರ ನೋಡಿಕೊಳ್ಳುವವನ ಸಂಸಾರ ಗಡಿಯಾರದ ಕೆಳಗಿನ ಅಂತಸ್ತಿನಲ್ಲೇ ಇರಬೇಕೆಂಬುದು ಮುತ್ತಜ್ಜಂದಿರ ಕಾಲದಿಂದ ಬಂದ ಕಟ್ಟಳೆ. ಒಂದು ಅಡುಗೆಮನೆ, ಒಂದು ಮಲಗುವ ಕೋಣೆ, ನಡುವೆ ಚಾವಣಿಯ ತೂತಿನಿಂದ ನೆಲದ ತೂತಿಗೆ ಇಳಿಯುವ ಎರಡು ಹಗ್ಗ, ಹಗ್ಗದ ತುದಿಗೆ ಕಲ್ಲಿನ ಗುಂಡು. ಆ ಗುಂಡು ಇಳಿದ ಹಾಗೆಲ್ಲ ಊರಿಗೆ ಹೊತ್ತು ಸರಿಯುತ್ತಿತ್ತು. ದೆಲ್ಫೀನಕ್ಕನ ತಾಯಿ ಒದ್ದೆ ಕಾಲುಚೀಲಗಳನ್ನು ಆ ಹಗ್ಗಕ್ಕೇ ಸಿಕ್ಕಿಸುತ್ತಿದ್ದಳಂತೆ. ಬೆಳಿಗ್ಗೆ ತಲೆಯ ಮೇಲಿದ್ದದ್ದು ಸಂಜೆಗೆ ನೆಲದ ತೂತಿನೊಳಗೆ ಇಳಿದುಹೋಗಿ, ಕೆಳಗಿನ ಅಂತಸ್ತಿಗೆ ಓಡಿ ತರಬೇಕಾಗುತ್ತಿತ್ತಂತೆ. ಇದೊಂದನ್ನು ಹೇಳುವಾಗ ಮಾತ್ರ ದೆಲ್ಫೀನಕ್ಕ ನಗುತ್ತಿದ್ದಳು.

ನಾನು ತೆರೆಸಿಯೊ. ಗೋಪುರದ ಎದುರಿಗಿರುವ ಕಾಫಿ ಅಂಗಡಿ ನನ್ನದು, ಅದಕ್ಕೆ ಮುಂಚೆ ನನ್ನಪ್ಪನದು. ಬೆಳಿಗ್ಗೆ ಕಾಫಿ, ಸಂಜೆ ವೈನು. ಇಡೀ ಆಯಸ್ಸು ಈ ಊರಿನವರಿಗೆ ಲೋಟ ತೊಳೆದು ಕೊಟ್ಟಿದ್ದೇನೆ. ಆದ್ದರಿಂದ ಇವರ ಬಗ್ಗೆ ಕೆಟ್ಟ ಮಾತಾಡುವ ಹಕ್ಕು ನನಗೆ ಪಾದ್ರಿಗಿಂತ ಒಂದು ಹಿಡಿ ಹೆಚ್ಚೇ ಇದೆ.

ದೆಲ್ಫೀನಕ್ಕನ ತಂದೆ ಎವಾಸಿಯೊ. ನಮ್ಮೂರಿನ ಕೊನೆಯ ಗಡಿಯಾರದವನು. ಆ ಗಡಿಯಾರಕ್ಕೆ ಒಂದು ಚಾಳಿ ಇತ್ತು. ಮುಳ್ಳು ಓಡಿಸುವ ಚಕ್ರಗಳು ಬೇರೆ, ಗಂಟೆ ಬಾರಿಸುವ ಚಕ್ರಗಳು ಬೇರೆ. ಒಂದರ ಸುದ್ದಿ ಇನ್ನೊಂದಕ್ಕೆ ತಿಳಿಯದು. ಚಳಿಗಾಲದಲ್ಲಿ ಎಣ್ಣೆ ಗಟ್ಟಿಯಾಗಿ ಬಾರಿಸುವ ಕಡೆ ಸಿಕ್ಕಿಕೊಂಡರೆ, ಮುಳ್ಳು ತನ್ನ ಪಾಡಿಗೆ ಮುಂದೆ ಹೋಗುತ್ತಿತ್ತು, ಗಂಟೆ ಹಿಂದೆ ಉಳಿಯುತ್ತಿತ್ತು. ಆಗ ಮೇಲೆ ಹೋಗಿ ಕೈಯಿಂದ ಕೊಂಡಿ ಬಿಡಿಸಬೇಕು. ಬಿಡಿಸಿದರೆ ಅದು ನಿಂತುಹೋದ ಕಡೆಯಿಂದಲೇ ಶುರು ಮಾಡುತ್ತದೆ. ಹತ್ತು ಬಾರಿಸಬೇಕಾದ ಹೊತ್ತಿನಲ್ಲಿ ಮೊದಲು ಎಂಟು, ಆಮೇಲೆ ಒಂಬತ್ತು, ಆಮೇಲೆ ಹತ್ತು. ನಡುವಿನದನ್ನು ನುಂಗಿ ಮುಂದೆ ಹೋಗುವಂತಿಲ್ಲ. ಇದು ಊರಿಗೆಲ್ಲ ಗೊತ್ತಿದ್ದ ವಿಷಯ. ಗಂಟೆಯ ಮೇಲೆ ಗಂಟೆ ಬಿದ್ದರೆ ಬಟ್ಟೆ ಒಗೆಯುವ ಹೆಂಗಸರು, "ಎವಾಸಿಯೊಗೆ ಈಗ ಬೆಳಗಾಯ್ತು ಕಣ್ರೇ" ಎಂದು ನಗುತ್ತಿದ್ದರು.

ಯುದ್ಧದ ಕೊನೆಯ ಚಳಿಗಾಲ ಬಂತು. ಊರಲ್ಲಿ ಜರ್ಮನ್ ಸೈನಿಕರಿದ್ದರು. ಐವರು ಹುಡುಗರು ಚರ್ಮ ಹದಮಾಡುವ ಕಟ್ಟಡದ ನೆಲಮಾಳಿಗೆಯಲ್ಲಿ ಅಡಗಿದ್ದರು. ಬೆಳಗಿನ ಜಾವ ನಾಲ್ಕು ಬಾರಿಸಿದ ಕೂಡಲೇ ಹೊರಬಿದ್ದು, ಸೇತುವೆ ದಾಟಿ, ಬೆಟ್ಟದಲ್ಲಿದ್ದುಕೊಂಡು ಜರ್ಮನರ ವಿರುದ್ಧ ಹೋರಾಡುತ್ತಿದ್ದ ತಮ್ಮವರ ಗುಂಪು ಸೇರುವುದೆಂದು ಮಾತಾಗಿತ್ತು. ಕೈಗಡಿಯಾರ ಯಾರಲ್ಲೂ ಇರಲಿಲ್ಲ. ತಲೆಯ ಮೇಲೆ ಅಷ್ಟು ದೊಡ್ಡ ಗಡಿಯಾರ ಇರುವಾಗ ಕೈಗೊಂದು ಕಟ್ಟಿಕೊಳ್ಳುವವನನ್ನು ನಮ್ಮವರು ಶೋಕಿಲಾಲ ಅನ್ನುತ್ತಿದ್ದರು. ಐವರಲ್ಲಿ ಒಬ್ಬ ನನ್ನ ಚಿಕ್ಕಪ್ಪ, ಅಪ್ಪನ ತಮ್ಮ. ನಾನು ಅವನನ್ನು ನೋಡಿಲ್ಲ, ಆಮೇಲೆ ಹುಟ್ಟಿದವನು.

ನಾಲ್ಕು ಬಾರಿಸಲಿಲ್ಲ. ಎವಾಸಿಯೊ ಜ್ವರ ಬಂದು ಕಂಬಳಿ ಹೊದ್ದು ಬಿದ್ದಿದ್ದ, ಮೇಲೆ ಎಣ್ಣೆ ಹೆಪ್ಪುಗಟ್ಟಿತ್ತು. ಹುಡುಗರು ಕತ್ತಲಲ್ಲಿ ಕಾದರು. ಎಚ್ಚರವಾದಾಗ ಎವಾಸಿಯೊ ಗೋಡೆ ಹಿಡಿದುಕೊಂಡು ಮೇಲೆ ಹತ್ತಿ, ಮುಳ್ಳು ಐದಕ್ಕೆ ಬಂದದ್ದನ್ನು ನೋಡಿ ಗಾಬರಿಯಿಂದ ಕೊಂಡಿ ಬಿಡಿಸಿದ. ಅದು ತನ್ನ ಚಾಳಿಯಂತೆ ಮೊದಲು ನಾಲ್ಕು ಬಾರಿಸಿತು. ಹುಡುಗರು ಹೊರಗೆ ಬಂದರು. ಅಷ್ಟು ಹೊತ್ತಿಗೆ ಸೈನಿಕರ ಲಾರಿಗಳು ಸೇತುವೆಯ ಮೇಲಿದ್ದವು. ಅವರು ಸೇತುವೆ ಮುಟ್ಟುವ ಮುಂಚೆಯೇ ಐದೂ ಬಾರಿಸಿತು. ಐವರನ್ನೂ ಹಿಡಿದು ಗೋಡೆಗೆ ನಿಲ್ಲಿಸಿ ಗುಂಡಿಕ್ಕಿದರು.

ಊರು ಕಟ್ಟಿದ ಕತೆ ಬೇರೆ. ಎವಾಸಿಯೊ ಗಂಟೆ ಮಾರಿಕೊಂಡ, ಜರ್ಮನರಿಗೆ ಸನ್ನೆ ಕೊಟ್ಟ, ಹುಡುಗರನ್ನು ಬೇಕೆಂದೇ ಹೊರಗೆ ಕರೆದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ನನ್ನ ಅಜ್ಜಿ ಆ ಬೆಳಗಿನಲ್ಲಿ ಒಲೆ ಹಚ್ಚುತ್ತಾ ನಾಲ್ಕನ್ನೂ ಕೇಳಿದ್ದಳು, ಅದರ ಬೆನ್ನಿಗೇ ಐದನ್ನೂ ಕೇಳಿದ್ದಳು. ಅದರ ಅರ್ಥ ಅವಳಿಗೆ ಗೊತ್ತಿತ್ತು, ಊರಿಗೆ ಗೊತ್ತಿತ್ತು. ಆದರೆ ಐವರು ಹುಡುಗರು ಹೆಪ್ಪುಗಟ್ಟಿದ ಎಣ್ಣೆಗೆ ಸತ್ತರು ಎಂದರೆ ಯಾರನ್ನು ಶಪಿಸುವುದು? ಎಣ್ಣೆಗೆ ಉಗಿದರೆ ಹೊಟ್ಟೆ ತಣ್ಣಗಾಗುತ್ತದೆಯೇ? ಲಾರಿಗಳನ್ನು ಕರೆತಂದವನು ನಮ್ಮಲ್ಲೇ ಒಬ್ಬ ಇದ್ದಿರಬಹುದು. ಇದ್ದಿದ್ದರೆ ಅವನು ಆಮೇಲೂ ಭಾನುವಾರ ಪೂಜೆಗೆ ಬಂದಿರುತ್ತಾನೆ, ಬೇಕರಿಯಲ್ಲಿ ಎಲ್ಲರ ಹಾಗೆ ರೊಟ್ಟಿಯನ್ನು ಕೈಯಿಂದ ಕೈಗೆ ಇಸಿದುಕೊಂಡಿರುತ್ತಾನೆ. ಎವಾಸಿಯೊನ ಹೆಂಡತಿ ಹೋದರೆ ಮಾತ್ರ ಬೇಕರಿಯವಳು ರೊಟ್ಟಿಯನ್ನು ಹಲಗೆಯ ಮೇಲೆ ಎಸೆಯುತ್ತಿದ್ದಳು.

ಯುದ್ಧ ಮುಗಿದ ಮೇಲೆ ವಿಚಾರಣೆ ನಡೆಯಿತು. ಏನೂ ಸಿಗಲಿಲ್ಲ, ಬಿಟ್ಟರು. ಊರು ಬಿಡಲಿಲ್ಲ. ತಮಾಷೆ ಏನೆಂದರೆ, ಕೆಲಸದಿಂದಲೂ ತೆಗೆಯಲಿಲ್ಲ. ಆ ಮುದಿ ಗಡಿಯಾರವನ್ನು ಪಳಗಿಸಲು ಬೇರೆ ಯಾರಿಗೂ ಬರುತ್ತಿರಲಿಲ್ಲವಲ್ಲ! ಅವನ ಮುಖಕ್ಕೆ ಬಾಗಿಲು ಹಾಕಿಕೊಂಡು, ಅವನ ಗಂಟೆ ಕೇಳಿ ಜೋಳದ ಹಿಟ್ಟಿನ ಪೊಲೆಂಟಾ ಒಲೆಯಿಂದ ಇಳಿಸುತ್ತಿದ್ದರು. ಎವಾಸಿಯೊ ಅದಾದ ಮೇಲೆ ಒಂದು ರಾತ್ರಿಯೂ ನೆಟ್ಟಗೆ ನಿದ್ದೆ ಮಾಡಲಿಲ್ಲ ಎಂದು ದೆಲ್ಫೀನಕ್ಕ ಹೇಳುತ್ತಿದ್ದಳು. ಪ್ರತಿ ಗಂಟೆಗೂ ಎದ್ದು ಕೂರುತ್ತಿದ್ದನಂತೆ.

ದೆಲ್ಫೀನಕ್ಕ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಕೆಲಸಕ್ಕೆ ಸೇರಿದಳು. ಒಮ್ಮೆ ಪಕ್ಕದ ಕಣಿವೆಯ ರೈಲ್ವೆಯವನೊಬ್ಬ ಅವಳನ್ನು ಇಷ್ಟಪಟ್ಟು ಭಾನುವಾರದ ಊಟಕ್ಕೆಂದು ಬಂದ. ಹೂವು ಹಿಡಿದುಕೊಂಡು, ಗೋಪುರದ ಬಾಗಿಲು ಯಾವ ಕಡೆ ಎಂದು ನಮ್ಮ ಅಂಗಡಿಯಲ್ಲೇ ಕೇಳಿದ. ಇಸ್ಪೀಟಾಡುತ್ತಿದ್ದ ಮುದುಕರು ಅವನನ್ನು ಕೂರಿಸಿ, ವೈನು ಕುಡಿಸಿ, ಕತೆ ಹೇಳಿದರು. ಅವನು ಹೂವನ್ನು ಮೇಜಿನ ಮೇಲೇ ಬಿಟ್ಟು ಬಂದ ದಾರಿ ಹಿಡಿದ. ಮೇಲೆ ಆ ತಾಯಿ ಮಗಳು ಊಟಕ್ಕೆ ಜೋಡಿಸಿಕೊಂಡು ಎಷ್ಟು ಹೊತ್ತು ಕಾದರೋ. ಆಮೇಲೆ ಯಾರೂ ಬರಲಿಲ್ಲ.

ಎವಾಸಿಯೊ ಸತ್ತಾಗ ನನಗೆ ಮದುವೆಯಾಗಿ ಹೊಸದು. ಗೋಪುರದ ಮೆಟ್ಟಿಲು ಸುರುಳಿ. ಶವಪೆಟ್ಟಿಗೆ ಅಲ್ಲಿ ತಿರುಗುವುದಿಲ್ಲ. ಅದಕ್ಕೇ ಗೋಪುರದಲ್ಲಿ ಸತ್ತವರನ್ನು ಗುಂಡೆತ್ತುವ ರಾಟೆಗೆ ಕಟ್ಟಿ ಕಿಟಕಿಯಿಂದ ಎದುರಿನ ಚೌಕಕ್ಕೆ ಇಳಿಸುವುದು ವಾಡಿಕೆ. ಕೆಳಗೆ ಊರಿನ ಗಂಡಸರು ಟೋಪಿ ತೆಗೆದು ನಿಂತು, ಹೆಗಲು ಕೊಟ್ಟು ಇಳಿಸಿಕೊಳ್ಳಬೇಕು. ಗಡಿಯಾರದವನಿಗೆ ಊರು ಕೊಡುವ ಮರ್ಯಾದೆ ಅದೊಂದೇ. ಅವತ್ತು ಚೌಕದಲ್ಲಿ ಪಾದ್ರಿಯನ್ನು ಬಿಟ್ಟರೆ ನರಪಿಳ್ಳೆಯೂ ಇರಲಿಲ್ಲ. ಕಿಟಕಿಗಳೆಲ್ಲ ಮುಚ್ಚಿದ್ದವು, ಒಳಗೆ ಕಣ್ಣುಗಳಿದ್ದವು. ಮೇಲೆ ದೆಲ್ಫೀನಕ್ಕ, ಅವಳ ತಾಯಿ, ಬಡಗಿ ಹಗ್ಗ ಹಿಡಿದಿದ್ದರು. ಪೆಟ್ಟಿಗೆ ಆಳೆತ್ತರಕ್ಕೆ ಬಂದು ನಿಂತಿತು. ಹಿಡಿಯುವ ಕೈಗಳಿಲ್ಲದೆ ನೆಲಕ್ಕೆ ಇಳಿಸುವಂತಿಲ್ಲ. ಅದು ಗಾಳಿಗೆ ಮೆಲ್ಲಗೆ ತಿರುಗುತ್ತಿತ್ತು.

ನನ್ನಪ್ಪ ಲೋಟ ಒರೆಸುತ್ತಿದ್ದವನು ಬಟ್ಟೆಯನ್ನು ಎಸೆದು ಹೊರಗೆ ನಡೆದ. "ಬಾರೋ" ಎಂದ ನನಗೆ. ನಾವಿಬ್ಬರೂ ಪೆಟ್ಟಿಗೆಯ ಕೆಳಗೆ ಹೋಗಿ ನಿಂತೆವು. ನಮ್ಮ ಅಂಗಡಿಯ ಮೇಲಿನ ಕಿಟಕಿ ತೆರೆದು ಅಜ್ಜಿ ಕೂಗಿದಳು:

"ಒಡಹುಟ್ಟಿದವನ್ನ ಕೊಂದವನಿಗೆ ಹೆಗಲು ಕೊಡ್ತಿದೀಯಾ? ನಾಚಿಕೆ ಆಗಲ್ವೇನೋ ನಿನ್ನ ಜನ್ಮಕ್ಕೆ!"

"ಸತ್ತವನಿಗೆ ಹೆಗಲು ಕೊಡ್ತಿದೀನಮ್ಮ. ಕಿಟಕಿ ಹಾಕ್ಕೋ, ಚಳಿ."

ಬಡಗಿ ಇಳಿದು ಬಂದ, ಪಾದ್ರಿ ಕೈ ಹಾಕಿದ, ಹೇಗೋ ಮಾಡಿ ಹೊತ್ತೆವು. ಮುಂದಿನ ತಿಂಗಳೇ ಗಡಿಯಾರಕ್ಕೆ ವಿದ್ಯುತ್ತಿನ ಮೋಟಾರು ಬಂತು. ತಾಯಿ ಮಗಳನ್ನು ಗೋಪುರದಿಂದ ಬಿಡಿಸಿ ರೈಲು ನಿಲ್ದಾಣದ ಹಿಂದಿನ ಎರಡು ಕೋಣೆಗೆ ಹಾಕಿದರು. ಅಲ್ಲಿಂದ ಆಚೆಗೆ ದೆಲ್ಫೀನಕ್ಕ ಚೌಕಕ್ಕೆ ಕಾಲಿಡಲಿಲ್ಲ. ಮಾರುಕಟ್ಟೆಗೆ ಬರಬೇಕಾದರೂ ನದಿಯ ದಂಡೆಯ ಮೇಲೆ ಸುತ್ತು ಹಾಕಿ ಬರುತ್ತಿದ್ದಳು. ನನ್ನ ಅಂಗಡಿಗೆ ಬಂದರೆ ಹಿತ್ತಲ ಬಾಗಿಲಿಂದ.

ಹೀಗೆ ಅವಳೂ ಮುದುಕಿಯಾದಳು, ನಾನೂ ಮುದುಕನಾದೆ, ಹಳೆಯ ಕತೆ ಹೇಳುತ್ತಿದ್ದವರು ಒಬ್ಬೊಬ್ಬರಾಗಿ ಮಣ್ಣು ಸೇರಿದರು. ಕತೆಯೂ ಅವರ ಜತೆ ಹೋಗುತ್ತದೆ ಎಂದುಕೊಂಡಿದ್ದೆವು. ಅಷ್ಟರಲ್ಲಿ ಪುರಸಭೆಯವರಿಗೆ ಗೋಪುರದ ನೆನಪಾಯಿತು. ಸುಣ್ಣ ಬಳಿದರು, ದೀಪ ಹಾಕಿದರು, ಟಿಕೆಟ್ ಇಟ್ಟರು, ಬಂದವರಿಗೆ ಗೋಪುರ ತೋರಿಸುವ ಕೆಲಸಕ್ಕೆ ಲುದೊವಿಕಾ ಎಂಬ ಹುಡುಗಿಯನ್ನು ತಂದರು. ಎಲ್ಲೋ ದೊಡ್ಡ ಊರಲ್ಲಿ ಇತಿಹಾಸ ಓದಿ ಬಂದವಳು. ನಗುಮುಖ, ಮೆತ್ತನೆ ಮಾತು, ನನ್ನ ಬೆಕ್ಕಿಗೂ ನಮಸ್ಕಾರ ಹೇಳಿ ಹೋಗುವವಳು. ಕೆಟ್ಟವಳಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು.

ಒಂದು ಮಧ್ಯಾಹ್ನ ದೆಲ್ಫೀನಕ್ಕ ಹಿತ್ತಲಿಂದ ಬಂದು ಕೂತಳು. ಡಾಕ್ಟರ ಹತ್ತಿರ ಸರದಿಗೆ ಕಾಯುವಾಗ ಪಕ್ಕದ ಹೆಂಗಸರು ಮಾತಾಡಿದ್ದು ಕಿವಿಗೆ ಬಿದ್ದಿತ್ತು.

"ತೆರೆಸಿಯೊ, ಮೇಲೆ ಏನ್ ಹೇಳ್ತಾಳೋ ಆ ಹುಡುಗಿ?"

"ಏನಿಲ್ಲಕ್ಕ. ಚಕ್ರ ತೋರಿಸ್ತಾಳೆ, ಗಂಟೆ ತೋರಿಸ್ತಾಳೆ. ನೋಡು, ಬಿಸ್ಕತ್ತು ತಿನ್ನು."

"ಸುಳ್ಳು ಹೇಳೋದಕ್ಕೂ ಒಂದು ಮುಖ ಬೇಕು ಕಣೋ. ನಿನಗಿಲ್ಲ ಅದು. ಅಪ್ಪನ ವಿಷಯ ಹೇಳ್ತಾಳಾ?"

ಹೇಳುತ್ತಾಳೆ ಎಂದೆ. ಗಂಟೆ ಮಾರಿದವನ ಕತೆ ಕೇಳಲೆಂದೇ ಬಸ್ಸು ತುಂಬಿಕೊಂಡು ಬರುತ್ತಾರೆ ಎಂದೂ ಹೇಳಿದೆ. ಇನ್ನು ಮುಚ್ಚಿಟ್ಟು ಏನಾಗಬೇಕು. ಅವಳು ಬಿಸ್ಕತ್ತಿನ ತಟ್ಟೆಯನ್ನು ಅತ್ತ ಸರಿಸಿದಳು.

"ಊರಿನವರು ಹೇಳ್ಕೊಂಡ್ರು, ಸರಿ. ಮಕ್ಕಳನ್ನ ಕಳ್ಕೊಂಡವರು, ಹೊಟ್ಟೆ ಉರಿ. ಈ ಹುಡುಗಿಗೆ ಏನ್ ಉರಿ? ಇವಳಿಗೆ ಗೊತ್ತಿಲ್ಲ, ಅದಕ್ಕೇ ಹೇಳ್ತಾಳೆ. ಹೇಳಿದ್ರೆ ತಿಳ್ಕೋತಾಳೆ. ಓದಿದವಳು ಅಂತೀಯಲ್ಲ."

"ಓದಿದವರಿಗೆ ತಿಳಿಯುತ್ತೆ ಅಂತ ಯಾರ್ ಹೇಳಿದ್ರು ನಿಂಗೆ?"

"ನೀನು ಬರ್ತೀಯೋ, ನಾನೊಬ್ಬಳೇ ಹೋಗ್ಲೋ?"

ಭಾನುವಾರ ಬೂದು ಬಣ್ಣದ ಕೋಟು ಹಾಕಿಕೊಂಡು, ಚೌಕದ ನಟ್ಟನಡುವೆ ನಡೆದು ಬಂದಳು. ತಾನು ಹುಟ್ಟಿದ ಮನೆಗೆ ಟಿಕೆಟ್ ತೆಗೆದುಕೊಂಡು, ಮಿಲಾನಿನಿಂದ ಬಂದ ನಿವೃತ್ತರ ಗುಂಪಿನ ಹಿಂದೆ ನಿಂತಳು. ಮೆಟ್ಟಿಲಲ್ಲಿ ನಾನು ಏದುಸಿರು ಬಿಟ್ಟೆ, ಅವಳ ಕಾಲು ತನ್ನಷ್ಟಕ್ಕೆ ಹತ್ತುತ್ತಿತ್ತು. ಅಡುಗೆಮನೆಯಿದ್ದ ಕಡೆ ಗಾಜಿನ ಪೆಟ್ಟಿಗೆಯಲ್ಲಿ ಯಾರದೋ ಕತ್ತಿ, ಯಾರದೋ ಶಿರಸ್ತ್ರಾಣ. "ಇಲ್ಲಿ ಕಾವಲಿನ ಸೈನಿಕರು ಮಲಗ್ತಿದ್ರು" ಎಂದಳು ಲುದೊವಿಕಾ. ದೆಲ್ಫೀನಕ್ಕ ನನ್ನ ತೋಳು ಚಿವುಟಿ ಪಿಸುಗುಟ್ಟಿದಳು: "ಇಲ್ಲಿ ನಮ್ಮಮ್ಮ ಈರುಳ್ಳಿ ಹೆಚ್ಚುತ್ತಿದ್ಲು."

ಚಕ್ರಗಳ ಮುಂದೆ ಎಲ್ಲರನ್ನೂ ನಿಲ್ಲಿಸಿ ಲುದೊವಿಕಾ ದನಿ ತಗ್ಗಿಸಿದಳು. ಆ ಚಳಿಗಾಲ, ಆ ಐವರು, ಕತ್ತಲಲ್ಲಿ ಕೊಂಡಿಯ ಮೇಲೆ ಕೈಯಿಟ್ಟು ಕಾಯುತ್ತಿದ್ದ ಎವಾಸಿಯೊ. ಹೆಂಗಸೊಬ್ಬಳು ಕೈಯಿಂದ ಬಾಯಿ ಮುಚ್ಚಿಕೊಂಡಳು. ಚೆನ್ನಾಗಿಯೇ ಹೇಳುತ್ತಿದ್ದಳು, ಇಲ್ಲ ಅನ್ನಲಾರೆ.

"ನಾನು ಅವರ ಮಗಳು" ಎಂದಳು ದೆಲ್ಫೀನಕ್ಕ.

ಎಲ್ಲ ತಿರುಗಿದರು. ಅವಳು ಗುಂಪು ಸರಿಸಿಕೊಂಡು ಮುಂದೆ ಹೋಗಿ ಕೊಂಡಿಯನ್ನು ತೋರಿಸಿದಳು. ಎಣ್ಣೆ ಹೇಗೆ ಗಟ್ಟಿಯಾಗುತ್ತದೆ, ಗಂಟೆ ಹೇಗೆ ಹಿಂದೆ ಉಳಿಯುತ್ತದೆ, ಬಿಡಿಸಿದರೆ ಅದು ಯಾಕೆ ಹಳೆಯ ಗಂಟೆಯನ್ನೇ ಮೊದಲು ಬಾರಿಸುತ್ತದೆ, ಎಲ್ಲ ಹೇಳಿದಳು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಅವಳು ಎವಾಸಿಯೊನ ಮಗಳು, ಅರ್ಧ ಸತ್ಯ ಹೇಳಿ ಗೊತ್ತಿಲ್ಲ.

"ತಪ್ಪು ಅಪ್ಪಂದೇ. ಇಲ್ಲ ಅನ್ನಲ್ಲ. ಜ್ವರ ಇತ್ತು, ನಿದ್ದೆ ಹತ್ತಿಬಿಡ್ತು. ಎದ್ದಿದ್ರೆ ನಾಲ್ಕು ನಾಲ್ಕಕ್ಕೇ ಬಾರಿಸ್ತಿತ್ತು, ಹುಡುಗರು ಬದುಕ್ತಿದ್ರು. ಸಾಯೋ ತನಕ ಅವರು ಅದನ್ನೇ ಹೇಳ್ಕೊಂಡು ಅತ್ರು. ಆದ್ರೆ ಮಾರಲಿಲ್ಲಮ್ಮ. ಯಾರಿಗೂ ಏನೂ ಮಾರಲಿಲ್ಲ. ಅದೊಂದು ಮಾತನ್ನ ತೆಗೆದುಬಿಡಿ. ನನಗೆ ಅಷ್ಟು ಸಾಕು."

ಲುದೊವಿಕಾಳ ಕಣ್ಣಲ್ಲಿ ನೀರು. ಮುದುಕಿಯನ್ನು ಅಪ್ಪಿಕೊಂಡು, "ಇಷ್ಟು ವರ್ಷ ಇದನ್ನೆಲ್ಲ ಹೊತ್ಕೊಂಡಿದ್ರಾ ಅಮ್ಮ? ಖಂಡಿತ ಹೇಳ್ತೀನಿ. ನೀವು ಹೇಳಿದ್ದನ್ನೇ ಹೇಳ್ತೀನಿ" ಎಂದಳು. ಜನ ಮೂಗೊರೆಸಿಕೊಂಡರು. ನಾನೂ ಒರೆಸಿಕೊಂಡೆ, ಸುಳ್ಳು ಯಾಕೆ ಹೇಳಲಿ.

ಅವತ್ತು ದೆಲ್ಫೀನಕ್ಕ ನನ್ನ ಅಂಗಡಿಗೆ ಮೊದಲ ಸಲ ಮುಂಬಾಗಿಲಿಂದ ಬಂದಳು. ಹೊರಗೆ ಚೌಕದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು ಒಂದು ಲೋಟ ವೆರ್ಮುತ್ ವೈನು ಕೇಳಿದಳು. ಎರಡು ಗುಟುಕಿಗೇ ಕೆನ್ನೆ ಕೆಂಪಾಯಿತು.

"ನೋಡ್ದೇನೋ? ಹೇಳೋದಕ್ಕೆ ಬಾಯಿ ಇರ್ಬೇಕು ಅಷ್ಟೇ. ಮುಂಚೇನೇ ಬರ್ಬೇಕಿತ್ತು ನಾನು. ಸುಮ್ನೆ ನದಿ ದಂಡೆ ಸವೆಸಿದೆ."

"ಎರಡನೇದು ಹಾಕ್ಲಾ?"

"ಹಾಕು. ಮುಂದಿನ ಭಾನುವಾರ ಮತ್ತೆ ಬರ್ತೀನಿ. ಅವಳ ಬಾಯಲ್ಲಿ ಅಪ್ಪನ ಮಾತು ಹೇಗ್ ಬರುತ್ತೆ ಕೇಳ್ಬೇಕು."

ಬಂದಳು. ಅದೇ ಕೋಟು, ಕುತ್ತಿಗೆಯ ಹತ್ತಿರ ತಾಯಿಯ ಬೆಳ್ಳಿಯ ಪಿನ್ನು ಬೇರೆ. ಹೊರಗಿನ ಮೇಜಿನಲ್ಲಿ ನೆಟ್ಟಗೆ ಕೂತಳು. ಗುಂಪು ಗೋಪುರದ ಬುಡದಲ್ಲಿ ಸೇರಿತ್ತು, ಹೋದ ಸಲಕ್ಕಿಂತ ದೊಡ್ಡದು. ಲುದೊವಿಕಾ ಈ ಸಲ ಮೇಲೆ ಹತ್ತುವ ಮುಂಚೆಯೇ ಶುರು ಮಾಡಿದಳು. ಗಂಟೆ ಮಾರಿದವನ ಕತೆ ಮೊದಲಿನ ಹಾಗೇ ಬಂತು, ಒಂದು ಅಕ್ಷರ ಕಡಿಮೆಯಾಗದೆ. ಆಮೇಲೆ ಹೊಸ ತುದಿ.

"ಇದು ಬರೀ ದಂತಕತೆ ಅಂತ ಕೆಲವರು ಹೇಳ್ತಿದ್ರು. ಹೋದ ಭಾನುವಾರ ಅವನ ಸ್ವಂತ ಮಗಳು ಈ ಮೆಟ್ಟಿಲು ಹತ್ತಿ ಬಂದ್ರು. ಎಪ್ಪತ್ತು ವರ್ಷ ಎದೇಲಿ ಮುಚ್ಚಿಟ್ಟಿದ್ದನ್ನ ಎಲ್ಲರ ಮುಂದೆ ಹೇಳಿದ್ರು. 'ತಪ್ಪು ನಮ್ಮಪ್ಪಂದೇ' ಅಂದ್ರು. ಅವರು ಕೈಯಿಟ್ಟು ಅತ್ತ ಆ ಕೊಂಡಿಯನ್ನ ನೀವೂ ಮುಟ್ಟಬಹುದು."

ನಾನು ತಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ಕಲ್ಲಾಗಿ ನಿಂತೆ. ಅಷ್ಟರಲ್ಲಿ ಲುದೊವಿಕಾಳ ಕಣ್ಣು ನಮ್ಮ ಕಡೆ ಬಿತ್ತು. ಅವಳ ಮುಖ ಅರಳಿದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

"ಅಯ್ಯೋ, ಇಲ್ಲೇ ಇದ್ದಾರೆ ನೋಡಿ!"

ಜನ ಚಪ್ಪಾಳೆ ತಟ್ಟಿದರು. ಮೇಜನ್ನು ಸುತ್ತುವರಿದು ಫೋಟೋ ತೆಗೆದರು. ದೆಲ್ಫೀನಕ್ಕ ಎದ್ದು ನಿಂತು, "ಮಾರಲಿಲ್ಲ, ನಿದ್ದೆ ಬಂದಿತ್ತು, ನಾನು ಹೇಳಿದ್ದು ಅದಲ್ಲ" ಎಂದು ತೊದಲಿದಳು. ಲುದೊವಿಕಾ ಅವಳ ಕೈ ಸವರಿ, "ಸಾಕಮ್ಮ, ಮತ್ತೆ ಮತ್ತೆ ನೋವು ಮಾಡ್ಕೋಬೇಡಿ" ಎಂದಳು. ಬಿಳಿ ಮೀಸೆಯ ದೊಡ್ಡ ಮನುಷ್ಯನೊಬ್ಬ ಟೋಪಿ ತೆಗೆದು ಅವಳ ಹೆಗಲ ಮೇಲೆ ಕೈಯಿಟ್ಟ.

"ತಂದೆ ಮಾಡಿದ್ದಕ್ಕೆ ಮಕ್ಕಳು ಹೊಣೆ ಅಲ್ಲಮ್ಮ. ನಾವೆಲ್ಲ ಅವರನ್ನ ಕ್ಷಮಿಸಿದ್ದೀವಿ ಅಂತ ತಿಳ್ಕೊಳ್ಳಿ."

ನಾನು ತಟ್ಟೆ ಕುಕ್ಕಿದೆ. "ಯಾರಯ್ಯಾ ನೀನು ಕ್ಷಮಿಸೋಕೆ? ಸತ್ತವನು ನನ್ನ ಚಿಕ್ಕಪ್ಪ! ಆ ಮನುಷ್ಯ ಯಾರನ್ನೂ ಮಾರಲಿಲ್ಲ, ಎಣ್ಣೆ ಹೆಪ್ಪುಗಟ್ಟಿತ್ತು, ಎಣ್ಣೆ!" ಎಂದು ಅರಚಿದೆ. ಅವರು ನನ್ನನ್ನು ಕುಡಿದವನನ್ನು ನೋಡುವ ಹಾಗೆ ನೋಡಿದರು. ಲುದೊವಿಕಾ ಅವರಿಗೆ ಮೆಲ್ಲಗೆ, "ಊರಲ್ಲಿ ಇನ್ನೂ ಗಾಯ ಮಾಗಿಲ್ಲ, ನೋಡಿ" ಎಂದಳು. ಎಲ್ಲರೂ ತಲೆಯಾಡಿಸಿ ಒಳಗೆ ಹೋದರು.

ಮರುದಿನ ನಾನು ಪುರಸಭೆಗೂ ಹೋಗಿ ಕೂಗಾಡಿ ಬಂದೆ. ಅಲ್ಲಿದ್ದವನು, "ಮಗಳೇ ಎಲ್ಲರೆದುರು ಒಪ್ಪಿಕೊಂಡ ಮೇಲೆ ನಾವೇನು ಮಾಡೋಣ ಸ್ವಾಮಿ?" ಎಂದ.

ಆ ಭಾನುವಾರ ದೆಲ್ಫೀನಕ್ಕನನ್ನು ಮನೆಗೆ ಬಿಡಲು ನಾನೇ ಹೋದೆ. ಅವಳು ಅಳಲಿಲ್ಲ, ಬೈಯಲಿಲ್ಲ. ನಿಲ್ದಾಣದ ಹಿಂದಿನ ಬೀದಿಯವರೆಗೂ ನಡೆದಳು. ಬಾಗಿಲಿಗೆ ಬೀಗದ ಕೈ ಹಾಕಿ, ತಿರುಗಿಸದೆ ನಿಂತಳು.

"ಇಷ್ಟು ವರ್ಷ ಅಪ್ಪನ ವಿರುದ್ಧ ಒಬ್ಬನೇ ಒಬ್ಬ ಸಾಕ್ಷಿ ಇರ್ಲಿಲ್ಲ ಕಣೋ ತೆರೆಸಿಯೊ," ಎಂದಳು. "ಈಗ ನಾನಿದೀನಿ."